ಎಡಗಣ್ಣಿನ ಕೆಂಪು

ಆ ವರ್ಷ ಮಳೆ ಹಿಡಿದ ಮೇಲೆ ಶಿವಮೊಗ್ಗದಲ್ಲಿ ಎಲ್ಲಿ ನೋಡಿದರೂ ಕೆಂಪು ಕಣ್ಣು. ಯಾವುದೋ ಶಾಲೆಯಲ್ಲಿ ಶುರುವಾದದ್ದು ಹಾಸ್ಟೆಲ್‌ಗಳಿಗೆ ಹೋಯಿತು, ಅಲ್ಲಿಂದ ಸಿಟಿ ಬಸ್ಸುಗಳಿಗೆ, ಬಸ್ಸುಗಳಿಂದ ಮನೆಗಳಿಗೆ. ಆಲ್ಕೊಳ ಸರ್ಕಲ್ಲಿನ ಹತ್ತಿರವಿರುವ ನನ್ನ ಕಣ್ಣಿನ ಕ್ಲಿನಿಕ್ಕಿನಲ್ಲಿ ಬಾಗಿಲು ತೆಗೆಯುವ ಮೊದಲೇ ಕಪ್ಪು ಕನ್ನಡಕದವರು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ. ಉಜ್ಜಬೇಡಿ, ಟವಲ್ ಬೇರೆ ಇಟ್ಟುಕೊಳ್ಳಿ, ಒಂದು ವಾರದಲ್ಲಿ ಹೋಗುತ್ತೆ. ಹೇಳಿ ಹೇಳಿ ಆ ಮಾತು ನಾನು ಯೋಚಿಸದೆಯೇ ಬಾಯಿಂದ ಬರತೊಡಗಿತ್ತು. ಮುಖಗಳು ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಸಂಜೆ ಮನೆಗೆ ಹೋದರೆ ಟಿ.ವಿ. ಹಾಕಿಕೊಂಡು, ಏನು ಬರುತ್ತಿದೆ ಎಂದು ನೋಡದೆ ಕೂರುತ್ತಿದ್ದೆ. ಅದನ್ನು ದಣಿವು ಎನ್ನಲಾರೆ. ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೆ.

ವಾರಕ್ಕೆ ಎರಡು ಮಧ್ಯಾಹ್ನ ನಾನು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಕೂರುತ್ತೇನೆ. ಆ ಕೋಣೆಯಲ್ಲಿ ಒಂದು ಮೇಜು, ಕಣ್ಣು ಪರೀಕ್ಷೆಯ ಅಕ್ಷರಗಳ ಬೋರ್ಡು, ಕೈಯಲ್ಲಿ ಹಿಡಿಯುವ ಒಂದು ದೀಪ. ಅಲ್ಲಿಗೆ ಆ ಹುಡುಗಿಯನ್ನು ಕರೆದುಕೊಂಡು ಬಂದವರು ಅವಳ ಅತ್ತೆ. ಅತ್ತೆ ಮುಂದೆ ನಡೆದು ಬಂದು ಕುರ್ಚಿಯಲ್ಲಿ ಕೂತರು. ಹುಡುಗಿ ಹಿಂದೆ ನಿಂತಳು. ಇಪ್ಪತ್ತಮೂರೋ ನಾಲ್ಕೋ ಇರಬಹುದು. ತಾಳಿಯ ಸರ ಇನ್ನೂ ಹೊಸದು. ಎಡಗಣ್ಣು ಕೆಂಪಗಿತ್ತು, ಬಲಗಣ್ಣು ಬೆಳ್ಳಗಿತ್ತು.

ನಾನು ನನ್ನ ಮಾಮೂಲಿ ಮಾತಿಗೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅತ್ತೆ ಒಂದು ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಬೋರಲು ಹಾಕಿದರು. ಕಣ್ಣಿನ ಹನಿಯ ಪುಟ್ಟ ಬಾಟಲಿಗಳು ಉರುಳಿಕೊಂಡು ಬಂದವು.

"ಇಷ್ಟೂ ಬಿಟ್ಟಾಯ್ತು ಡಾಕ್ಟ್ರೇ," ಅಂದರು. "ಬಿಟ್ಟಾಗ ಒಂದ್ವಾರ ಬೆಳ್ಳಗಾಗುತ್ತೆ. ನಿಲ್ಲಿಸಿದ್ರೆ ಮತ್ತೆ ಅದೇ ಕಥೆ. ಇವಳು ಇಲ್ಲೇ ಪ್ರೈಮರಿ ಸ್ಕೂಲಲ್ಲಿ ಟೀಚರ್. ಮಕ್ಕಳಿಗೆ ಹತ್ತುತ್ತೆ ಅಂತ ಹೆಡ್ ಮೇಡಂ ಬರಬೇಡ ಅಂದುಬಿಟ್ಟಿದಾರೆ. ಮದುವೆಯಾಗಿ ನಾಲ್ಕು ತಿಂಗ್ಳಾಗಿಲ್ಲ. ಮದುವೆ ಮನೆ ಚಪ್ಪರ ತೆಗೆದ ಮೇಲಿಂದ ಈ ಕಣ್ಣು ಹೀಗೇ."

"ಅಷ್ಟು ದಿನದಿಂದ?"

"ಹೂಂ ಮತ್ತೆ. ಸಕ್ರೆಬೈಲಿಂದ ಹತ್ತಿಸ್ಕೊಂಡು ಬಂದಿದ್ದು ಇದು. ಗಂಡ ಹೆಂಡ್ತಿ ಆನೆ ನೋಡೋಕೆ ಹೋಗಿದ್ರು. ಆನೆ ಮೈ ತೊಳೆಯೋ ಜಾಗದಲ್ಲಿ ಇವಳು ನೀರಿಗೆ ಇಳಿದಿದ್ದಾಳೆ ಮಾರಾಯ್ತಿ. ಸೊಂಡಿಲಲ್ಲಿ ಎರಚಿದ್ದು ಮುಖಕ್ಕೇ ಬಿದ್ದಿದೆ."



ಮಳೆಗಾಲದ ಕೆಂಪು ಕಣ್ಣು ಎರಡು ವಾರದ ಮೇಲೆ ಉಳಿಯುವುದು ಕಡಿಮೆ. ಬರುವಾಗಲೂ ಒಂದು ಕಣ್ಣಿನಿಂದ ಇನ್ನೊಂದಕ್ಕೆ ದಾಟಿಯೇ ಬರುತ್ತದೆ. ಒಂದೇ ಕಣ್ಣು, ಅಷ್ಟು ತಿಂಗಳು ಎಂದರೆ ಅದು ಆ ಸಾಲಿನದಲ್ಲ. ಬಾಟಲಿಗಳನ್ನು ಒಂದೊಂದಾಗಿ ಓದಿದೆ. ಹೆಚ್ಚಿನವು ಆಂಟಿಬಯೋಟಿಕ್, ಒಂದು ಸ್ಟೆರಾಯ್ಡ್. ಸ್ಟೆರಾಯ್ಡ್ ಹನಿ ಕೆಂಪನ್ನು ಅದುಮಿ ಇಡುತ್ತದೆ, ಕಾರಣವನ್ನು ಮುಟ್ಟುವುದಿಲ್ಲ. ಹನಿ ನಿಂತ ಕೂಡಲೇ ಕಾರಣ ತಲೆ ಎತ್ತುತ್ತದೆ.

"ಕೈದೀಪದಲ್ಲಿ ಇದು ಸರಿಯಾಗಿ ಕಾಣಲ್ಲ. ನಾಳೆ ಶಿವಮೊಗ್ಗಕ್ಕೆ ಕರ್ಕೊಂಡು ಬನ್ನಿ," ಎಂದೆ.

ಮರುದಿನ ಬಂದರು. ಸ್ಲಿಟ್ ಲ್ಯಾಂಪ್ ಎನ್ನುವುದು ದೀಪ ಮತ್ತು ಸೂಕ್ಷ್ಮದರ್ಶಕ ಎರಡೂ ಸೇರಿದ ಯಂತ್ರ. ಅದರ ಮುಂದೆ ಹುಡುಗಿ ಗದ್ದ ಇಟ್ಟು ಕೂತಳು. ಕೆಳರೆಪ್ಪೆಯನ್ನು ಕೆಳಗೆಳೆದೆ. ಒಳಮಡಿಕೆಯಲ್ಲಿ ಗುಳ್ಳೆಗಳು ನೆನೆಸಿದ ಸಬ್ಬಕ್ಕಿಯ ಹಾಗೆ ಸಾಲಾಗಿ ಕೂತಿದ್ದವು. ಅಷ್ಟು ದಪ್ಪನೆಯ ಸಾಲನ್ನು ನಾನು ತುಂಬ ದಿನದಿಂದ ನೋಡಿರಲಿಲ್ಲ. ಮೇಲೆ ಕಪ್ಪುಗುಡ್ಡೆಯ ಅಂಚಿನಲ್ಲಿ ಕೂದಲೆಳೆಯಂಥ ರಕ್ತನಾಳಗಳು ಒಳಕ್ಕೆ ಇಳಿಯತೊಡಗಿದ್ದವು. ಎಡಕಿವಿಯ ಮುಂದೆ ಬೆರಳಿಟ್ಟರೆ ಚರ್ಮದ ಕೆಳಗೆ ಒಂದು ಸಣ್ಣ ಗಂಟು ಸಿಕ್ಕಿತು.

"ನೋವಿದೆಯಾ?"

"ಇಲ್ಲ ಮೇಡಂ."

ಅದು ನಾನು ಕೇಳಿದ ಅವಳ ಮೊದಲ ಮಾತು.

ಇಂಥ ಕಣ್ಣಿಗೆ ಕಾರಣ ಹುಡುಕುವುದೆಂದರೆ ಒಂದೊಂದನ್ನೇ ಬಿಡುತ್ತಾ ಹೋಗುವುದು. ಮೇಲ್ರೆಪ್ಪೆಯನ್ನು ಮಗುಚಿ ನೋಡಿದೆ. ಬೆಕ್ಕು ಪರಚಿದವರಲ್ಲೂ ಕ್ಷಯ ಕಣ್ಣಿಗೆ ಇಳಿದವರಲ್ಲೂ ಅಲ್ಲಿ ಗಡ್ಡೆಯೋ ಹುಣ್ಣೋ ಇರುತ್ತದೆ. ಇಲ್ಲಿ ಇರಲಿಲ್ಲ. ಮನೆಯಲ್ಲಿ ಬೆಕ್ಕು ಸಾಕಿಲ್ಲ, ಕೆಮ್ಮಿಲ್ಲ, ಸಂಜೆ ಜ್ವರವಿಲ್ಲ. ರೆಪ್ಪೆಯಂಚಿನ ಕೂದಲುಗಳ ಬುಡದಲ್ಲಿ ವೈರಸ್ಸಿನ ಸಣ್ಣ ಗುಳ್ಳೆ ಅಡಗಿಕೊಂಡು ತಿಂಗಳುಗಟ್ಟಲೆ ಕಾಡುವುದುಂಟು. ಅದೂ ಇಲ್ಲ. ಮೂಗಿನ ಪಕ್ಕದ ಕಣ್ಣೀರಿನ ನಾಳ ಒತ್ತಿದೆ. ಕೀವು ಬರಲಿಲ್ಲ. ಉಳಿದದ್ದು ಒಂದೇ. ಅದನ್ನು ಅತ್ತೆಯ ಎದುರು ಕೇಳುವ ಹಾಗಿರಲಿಲ್ಲ.

"ಎಲ್ಲಾ ಹನಿ ನಿಲ್ಲಿಸಿ. ಒಂದು ವಾರ ಬರೀ ಕಣ್ಣು ಹಾಗೇ ಇರಲಿ. ಆಮೇಲೆ ಸ್ಯಾಂಪಲ್ ತೆಗೀತೀನಿ," ಎಂದೆ. ಹನಿ ಬೀಳುತ್ತಿರುವ ಕಣ್ಣಿನಲ್ಲಿ ಮಾದರಿ ತೆಗೆದರೆ ಏನೂ ಸಿಗುವುದಿಲ್ಲ.

ಅತ್ತೆಗೆ ಹಿಡಿಸಲಿಲ್ಲ. "ಔಷಧಿ ಹಾಕಬೇಡ ಅಂತ ಹೇಳೋಕೆ ಭದ್ರಾವತಿಯಿಂದ ಇಲ್ಲೀವರೆಗೆ ಬರಬೇಕಿತ್ತಾ?" ಎಂದು ಬಾಗಿಲ ಹೊರಗೆ ಸೊಸೆಗೆ ಹೇಳಿದ್ದು ನನಗೂ ಕೇಳಿಸಿತು.

ಒಂದು ವಾರ ಬಿಟ್ಟು ಬಂದಾಗ ಕಣ್ಣು ಇನ್ನೂ ಕೆಟ್ಟಿತ್ತು. ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತಿತ್ತಂತೆ. ಮಾದರಿ ತೆಗೆಯುವ ಕೋಣೆಗೆ ಒಬ್ಬರೇ ಬರಬೇಕು ಎಂದು ಹೇಳಿ ಅತ್ತೆಯನ್ನು ಬೆಂಚಿನಲ್ಲಿ ಕೂರಿಸಿದೆ. ಹುಡುಗಿಯನ್ನು ಮಲಗಿಸಿ, ಕಣ್ಣಿಗೆ ಜೋಮು ಹಿಡಿಸುವ ಹನಿ ಹಾಕಿ, ಅದು ಹಿಡಿಯುವವರೆಗೆ ಪಕ್ಕದಲ್ಲಿ ನಿಂತೆ.

"ನೋಡಮ್ಮ, ಒಂದೆರಡು ಪ್ರಶ್ನೆ ಕೇಳ್ತೀನಿ. ಕಣ್ಣಿಗೆ ಸಂಬಂಧ ಇಲ್ಲ ಅನ್ಸುತ್ತೆ, ಆದರೆ ಇದೆ. ಬಿಳಿ ಹೋಗೋದು, ಉರಿ ಮೂತ್ರ, ಕೆಳಹೊಟ್ಟೆ ನೋವು, ಏನಾದ್ರೂ ಇದೆಯಾ?"

ಅವಳು ಸೀಲಿಂಗ್ ನೋಡುತ್ತಿದ್ದಳು. "ಸ್ವಲ್ಪ ಬಿಳಿ ಹೋಗುತ್ತೆ. ಮದುವೆ ಆದ್ಮೇಲೆ. ಅದು ಎಲ್ರಿಗೂ ಇರುತ್ತಂತಲ್ಲ ಮೇಡಂ?"

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಾನೇ ಅಂದ್ಕೊಂಡೆ."

ಕ್ಲಮೀಡಿಯಾ ಎಂಬ ಸೂಕ್ಷ್ಮಾಣು ಜೀವಕೋಶದ ಒಳಗೆ ಮನೆ ಮಾಡಿಕೊಂಡಿರುತ್ತದೆ. ಗಂಡಸರಲ್ಲೂ ಹೆಂಗಸರಲ್ಲೂ ಗುಪ್ತಾಂಗದಲ್ಲಿ ಸದ್ದಿಲ್ಲದೆ ಕೂತಿರುತ್ತದೆ, ಎಷ್ಟೋ ಕಾಲ. ಅಲ್ಲಿಂದ ಕೈಯ ಮೂಲಕ ಕಣ್ಣಿಗೆ ಬಂದರೆ ಇಂಥ ಕಣ್ಣಾಗುತ್ತದೆ. ನಮ್ಮಲ್ಲಿ ಇದನ್ನು ಪತ್ತೆ ಮಾಡುವುದು ಅಪರೂಪ. ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಎಂಬುದೂ ಅದಕ್ಕೊಂದು ಕಾರಣ.

ಕೀವು ಒರೆಸಿ ತೆಗೆದು, ಹತ್ತಿಕಡ್ಡಿಯನ್ನು ಒಳಮಡಿಕೆಯಲ್ಲಿ ಒತ್ತಿ ಹೊರಳಿಸಿದೆ. ಇಲ್ಲಿ ಕೀವು ಪ್ರಯೋಜನಕ್ಕಿಲ್ಲ, ಜೀವಕೋಶ ಬೇಕು. ಒತ್ತದಿದ್ದರೆ ಬರುವುದಿಲ್ಲ, ಒತ್ತಿದರೆ ರಕ್ತ ಬರುತ್ತದೆ. ಕಡ್ಡಿಯನ್ನು ದ್ರಾವಣದ ನಳಿಕೆಗೆ ಹಾಕಿ, ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿನ ಲ್ಯಾಬಿಗೆ ಕಳಿಸಿದೆ. ನಡುವೆ ಸಾಲು ರಜೆ ಬಂತು. ಡಬ್ಬಿ ಎಲ್ಲೋ ಕೊರಿಯರಿನವರ ಗೋಡೌನಿನಲ್ಲಿ ಕೂತು ಬೆಚ್ಚಗಾಯಿತು. ಲ್ಯಾಬಿನವರು ಫೋನ್ ಮಾಡಿ, ಮಾದರಿ ಕೆಟ್ಟಿದೆ, ಇನ್ನೊಂದು ಕಳಿಸಿ ಎಂದರು.

ನಾನು ಆ ಮನೆಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು.

"ಕಣ್ಣು ವಾಸಿಯಾಯ್ತಲ್ಲ ಡಾಕ್ಟ್ರೇ. ಫ್ರಿಜ್ಜಲ್ಲಿ ಹಳೇ ಬಾಟ್ಲಿ ಒಂದಿತ್ತು, ಅದನ್ನೇ ಬಿಟ್ವಿ. ಬೆಳ್ಳಗಾಯ್ತು. ನಿನ್ನೆಯಿಂದ ಸ್ಕೂಲಿಗೂ ಹೋಗ್ತಿದಾಳೆ."

"ಯಾವ ಬಾಟ್ಲಿ?"

ಹೆಸರು ಓದಿದರು. ಸ್ಟೆರಾಯ್ಡ್. ಅದು ಯಾಕೆ ಬೇಡ, ನಿಲ್ಲಿಸಿದ ಮೇಲೆ ಏನಾಗುತ್ತದೆ ಎಂದು ಹೇಳಿದೆ. "ಆಯ್ತು ಆಯ್ತು," ಎಂದು ಫೋನ್ ಇಟ್ಟರು. ನಾನೂ ಇಟ್ಟೆ. ಹೊರಗೆ ಕೆಂಪು ಕಣ್ಣಿನವರ ಸಾಲು ಇನ್ನೂ ಕರಗಿರಲಿಲ್ಲ. ಅವತ್ತು ಮತ್ತೆ ಆ ಹುಡುಗಿಯ ನೆನಪಾಗಲಿಲ್ಲ.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಅವಳು ಶಿವಮೊಗ್ಗದ ಕ್ಲಿನಿಕ್ಕಿಗೆ ಒಬ್ಬಳೇ ಬಂದಳು. ಶಾಲೆಯ ಸೀರೆ, ಅದಕ್ಕೆ ಸಿಕ್ಕಿಸಿದ ಐ.ಡಿ. ಕಾರ್ಡ್ ಹಾಗೇ ಇತ್ತು. ಎಡಗಣ್ಣು ಮತ್ತೆ ಕೆಂಪು.

"ಬಸ್ಸಲ್ಲಿ ಬಂದೆ ಮೇಡಂ. ಮನೇಲಿ ಹೇಳಿಲ್ಲ," ಅಂದಳು. ಕೂತಳು. "ಅವತ್ತು ನೀವು ಕೇಳಿದ್ರಲ್ಲ, ಅದನ್ನ ಮೊಬೈಲಲ್ಲಿ ಹುಡುಕಿ ಓದಿದೆ."

"ಏನು ಓದಿದೆ?"

"ಎಲ್ಲಾ."

ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. ಹಾಜರಿ ಕರೆಯುವವರ ದನಿಯ ಹಾಗಿತ್ತು.

"ಇನ್ನೊಂದು," ಅಂದಳು. "ಈ ಸಲ ಹೊರಗಾಗಿಲ್ಲ."

ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಬಂದವು. ಅದನ್ನು ತೋರಿಸಿದಾಗ ನೋಡಿ, "ಹೂಂ" ಎಂದಳು. ನಾನು ಶುಭಾಶಯ ಹೇಳಲಿಲ್ಲ. ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಅವಳೂ ಅದಕ್ಕೆ ಕಾದಂತೆ ಕಾಣಲಿಲ್ಲ.

ಮಾದರಿ ಮತ್ತೆ ತೆಗೆದೆ. ಈ ಸಲ ಕೊರಿಯರ್ ನಂಬದೆ, ಬೆಂಗಳೂರಿಗೆ ಹೊರಟಿದ್ದ ಪರಿಚಯದವರೊಬ್ಬರ ಕೈಯಲ್ಲಿ ಡಬ್ಬಿ ಕೊಟ್ಟೆ. ಫಲಿತಾಂಶ ಫೋನಿನಲ್ಲೇ ಬಂತು. ಕ್ಲಮೀಡಿಯಾ ಇತ್ತು.

ಈಗ ಯಾರಿಗೆ ಹೇಳುವುದು ಎಂಬ ಪ್ರಶ್ನೆ. ಕಣ್ಣಿನ ಡಾಕ್ಟರಿಗೆ ಈ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ಪೊರೆ ಬಂದಿದ್ದರೆ ಮನೆಮಂದಿಯೆಲ್ಲ ಒಳಗೆ ಬಂದು ಕೇಳುತ್ತಾರೆ, ಎಲ್ಲರಿಗೂ ಹೇಳುತ್ತೇವೆ. ಇದು ಅವಳೊಬ್ಬಳದು. ಅವಳ ಮೊಬೈಲಿಗೇ ಫೋನ್ ಮಾಡಿ, ಶಾಲೆ ಬಿಟ್ಟ ಮೇಲೆ ಬಾ ಎಂದೆ.

ಬಂದು ಕೇಳಿಸಿಕೊಂಡಳು. ಅಳಲಿಲ್ಲ. ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ನನಗೆ ಮುಂಚೆ ಯಾರೂ ಇರಲಿಲ್ಲ ಮೇಡಂ."

"ನಾನು ಕೇಳಲಿಲ್ಲಮ್ಮ."

"ನೀವು ಕೇಳಲ್ಲ. ಬೇರೆ ಎಲ್ರೂ ಕೇಳ್ತಾರೆ."

"ಯಾರಿಂದ ಯಾರಿಗೆ ಬಂತು, ಯಾವಾಗ ಬಂತು ಅಂತ ಯಾವ ಪರೀಕ್ಷೆಯೂ ಹೇಳಲ್ಲ. ಅದನ್ನ ತಿಳ್ಕೊ. ವಾಸಿ ಆಗುತ್ತೆ. ಗರ್ಭಿಣಿಯರಿಗೆ ಕೊಡೋ ಮಾತ್ರೆನೇ ಇದೆ. ಆದ್ರೆ ಇಬ್ಬರೂ ತಗೋಬೇಕು. ನೀನೊಬ್ಬಳೇ ತಗೊಂಡ್ರೆ ಮತ್ತೆ ಬರುತ್ತೆ. ಹೆರಿಗೆ ಹೊತ್ತಿಗೆ ಇದ್ರೆ ಮಗು ಕಣ್ಣಿಗೆ ಹೋಗುತ್ತೆ, ಶ್ವಾಸಕೋಶಕ್ಕೂ ಹೋಗಬಹುದು."

ಗರ್ಭಿಣಿಯಲ್ಲದಿದ್ದರೆ ಬೇರೆ ಔಷಧಿಯೂ ಇತ್ತು. ಈಗ ಅಜಿಥ್ರೊಮೈಸಿನ್ ಒಂದೇ. ನನ್ನ ಎದುರೇ ನುಂಗಿಸಿದೆ. ಸ್ತ್ರೀರೋಗ ತಜ್ಞೆಯಾಗಿರುವ ಗೆಳತಿಗೆ ಫೋನ್ ಮಾಡಿ, ಉಳಿದ ಪರೀಕ್ಷೆಗಳಿಗೆ ಅವಳನ್ನು ಅಲ್ಲಿಗೇ ಕಳಿಸುತ್ತೇನೆಂದು ಹೇಳಿದೆ. ಹೊಸ ಗರ್ಭಿಣಿಯರಿಗೆಲ್ಲ ಮಾಡುವ ಎಚ್.ಐ.ವಿ., ಸಿಫಿಲಿಸ್ ಪರೀಕ್ಷೆಯೂ ಅದರಲ್ಲಿತ್ತು.

"ಅವರಿಗೆ ನೀವೇ ಹೇಳಿ ಮೇಡಂ," ಅಂದಳು, ಗಂಡನ ಬಗ್ಗೆ. "ನಾನು ಹೇಳಿದ್ರೆ ಜಗಳ ಆಗುತ್ತೆ. ಕಳಿಸ್ತೀನಿ. ಅತ್ತೆಗೆ ಬೇಡ."

ಗಂಡ ಎರಡು ದಿನ ಬಿಟ್ಟು ಬಂದ. ಓಲ್ಡ್ ಟೌನಿನಲ್ಲಿ ಹಾರ್ಡ್‌ವೇರ್ ಅಂಗಡಿ. ಮೂವತ್ತರ ಒಳಗಿನ ವಯಸ್ಸು, ಮೃದು ಮಾತಿನವನು. ಹಣೆಯಲ್ಲಿ ತೆಳ್ಳಗೆ ವಿಭೂತಿ. ಹೆಂಡತಿಯ ಒಪ್ಪಿಗೆಯಿಂದಲೇ ಹೇಳುತ್ತಿದ್ದೇನೆ ಎಂದು ಹೇಳಿ, ವಿಷಯ ತಿಳಿಸಿದೆ. ಹೇಳುವಾಗ ನನ್ನ ದನಿ, ಟವಲ್ ಬೇರೆ ಇಟ್ಟುಕೊಳ್ಳಿ ಎನ್ನುವಾಗಿನ ದನಿಯೇ ಆಗಿತ್ತು.

ಅವನು ತುಂಬ ಹೊತ್ತು ಮೇಜಿನ ಮೇಲಿದ್ದ ಕಣ್ಣಿನ ಮಾದರಿ ಗೊಂಬೆಯನ್ನು ನೋಡಿದ.

"ಅವಳಿಂದ ನನಗೆ ಬಂದಿರಬಹುದಲ್ಲ ಮೇಡಂ?"

"ಪರೀಕ್ಷೆ ಅದನ್ನ ಹೇಳಲ್ಲ. ಹಾಗೂ ಇರಬಹುದು, ಹೀಗೂ ಇರಬಹುದು. ಇಬ್ಬರಿಗೂ ಮಾತ್ರೆ ಬೇಕು ಅನ್ನೋದಷ್ಟೇ ಖಾತ್ರಿ."

ಆಮೇಲೆ ತಾನಾಗಿಯೇ ಹೇಳಿದ. ಮದುವೆಗೆ ಮುಂಚೆ ಬೇರೆ ಊರಿನಲ್ಲಿ ನೆಂಟರ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಒಂದು ಸಂಬಂಧವಿತ್ತು. ಒಂದೆರಡು ವರ್ಷ. ಅದು ಮುಗಿದ ವಿಷಯ ಎಂದ. ತನಗೆ ಯಾವ ತೊಂದರೆಯೂ ಆಗಿಲ್ಲ, ಒಂದು ದಿನ ಉರಿಯೂ ಇಲ್ಲ ಎಂದ. ಆಗದಿರುವುದೇ ಹೆಚ್ಚು ಎಂದು ನಾನು ಹೇಳಿದೆ.

ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಮೇಡಂ, ಒಂದು ಉಪಕಾರ ಮಾಡಿ. ಹೊಳೆ ನೀರಿಂದ ಬಂದಿದ್ದು ಅಂತ ಹೇಳ್ಬಿಡಿ. ಸಕ್ರೆಬೈಲಲ್ಲಿ ಆಯ್ತಲ್ಲ, ಮನೇಲಿ ಹೇಗೂ ಎಲ್ರೂ ಅದನ್ನೇ ನಂಬಿದಾರೆ. ಅವಳಿಗೂ ನೀವು ಹೇಳಿದ್ರೆ ನಂಬ್ತಾಳೆ. ನಾನು ಮಾತ್ರೆ ತಗೋತೀನಿ. ಇಲ್ಲೇ ತಗೋತೀನಿ."

"ಹೇಳದಿದ್ರೆ?"



ಅವನಿಗೆಂದು ತೆಗೆದಿಟ್ಟ ಮಾತ್ರೆಯ ಪಟ್ಟಿ ಮೇಜಿನ ಮೇಲೇ ಇತ್ತು. ಒಂದು ಸುಳ್ಳು ಹೇಳಿದರೆ ಅವನು ನುಂಗುತ್ತಿದ್ದ. ಅವಳ ಕಣ್ಣು ವಾಸಿಯಾಗುತ್ತಿತ್ತು, ಹೊಟ್ಟೆಯಲ್ಲಿರುವುದು ಉಳಿಯುತ್ತಿತ್ತು, ಮನೆಯೂ ಉಳಿಯುತ್ತಿತ್ತೇನೋ. ಔಷಧಿಯ ಲೆಕ್ಕದಲ್ಲಿ ನೋಡಿದರೆ ಸುಳ್ಳೇ ಸರಿ. ನಾನು ಅದನ್ನು ಯೋಚಿಸಲಿಲ್ಲ ಎಂದರೆ ಅದೇ ಸುಳ್ಳಾಗುತ್ತದೆ. ಆದರೆ ಆ ಹುಡುಗಿ ನನ್ನ ಎದುರು ಕೂತು ಕೇಳಿದ್ದಳು, ನಾನು ಹೇಳಿದ್ದೆ. ಈಗ ಕರೆದು, ಅವತ್ತು ಹೇಳಿದ್ದು ತಪ್ಪು, ಅದು ಆನೆಯ ನೀರು ಎನ್ನಬೇಕು. ಅವಳು ನಂಬಿದಂತೆ ನಟಿಸಬೇಕು.

"ನಿಮ್ಮ ತಾಯಿಗೆ ನಾನೇನೂ ಹೇಳಲ್ಲ. ಹೊರಗಿನವರಿಗೂ ಇಲ್ಲ. ಆದರೆ ಅವಳಿಗೆ ಸುಳ್ಳು ಹೇಳಲ್ಲ," ಎಂದೆ. "ಅವಳಿಗೆ ಇದು ಏನು ಅಂತ ಆಗ್ಲೇ ಗೊತ್ತು. ಮಾತ್ರೆ ತಗೊಳ್ಳಿ."

"ಯೋಚನೆ ಮಾಡಿ ಹೇಳ್ತೀನಿ ಮೇಡಂ," ಎಂದು ಎದ್ದ. ಕೈ ಮುಗಿದ. ಮಾತ್ರೆ ಮೇಜಿನ ಮೇಲೇ ಉಳಿಯಿತು.

ಆ ವಾರ ನನಗೆ ಹೇಗಿತ್ತು ಎಂದು ಕೇಳಿದರೆ ಹೇಳುವುದು ಕಷ್ಟ. ಊಟ ಮಾಡಿದೆ, ನಿದ್ದೆಯೂ ಬಂತು. ಪೊರೆಯ ಆಪರೇಷನ್‌ಗಳನ್ನು ಮಾಡಿದೆ, ಯಾವುದೂ ಕೆಡಲಿಲ್ಲ. ಹುಡುಗಿಗೆ ಒಮ್ಮೆ ಮೆಸೇಜ್ ಮಾಡಿ, ಗಂಡ ಮಾತ್ರೆ ತೆಗೆದುಕೊಂಡಿಲ್ಲ, ತೆಗೆದುಕೊಂಡು ಒಂದು ವಾರ ಆಗುವವರೆಗೆ ದೂರ ಇರು ಎಂದು ತಿಳಿಸಿದೆ. "ಸರಿ ಮೇಡಂ" ಎಂದು ಉತ್ತರ ಬಂತು.

ಆಮೇಲೆ ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಮುಂದೆ ಆಟೋ ನಿಂತಿತು. ಅತ್ತೆ ಇಳಿದರು. ಹಿಂದೆ ಹುಡುಗಿ ಇಳಿದಳು, ಕೈಯಲ್ಲಿ ಸೂಟ್‌ಕೇಸ್. ಅವಳ ತವರುಮನೆ ಆಲ್ಕೊಳದಲ್ಲೇ, ನನ್ನ ಕ್ಲಿನಿಕ್ಕಿನಿಂದ ಎರಡು ಬೀದಿ ಆಚೆ. ಅದು ನನಗೆ ಗೊತ್ತಾದದ್ದು ಅವತ್ತೇ.

ಅತ್ತೆ ಸಾಲಿನಲ್ಲಿ ಕಾಯಲಿಲ್ಲ. ಒಳಗೆ ಬಂದು ನಿಂತೇ ಮಾತಾಡಿದರು.

"ಇವಳನ್ನ ತವರಿಗೆ ಬಿಟ್ಟು ಬರೋಣ ಅಂತ ಹೊರಟಿದ್ದು. ಹೋಗೋಕೆ ಮುಂಚೆ ನಿಮ್ಮ ಬಾಯಿಂದ ಒಂದು ಮಾತು ಕೇಳೋಣ ಅಂತ ಬಂದೆ. ನನ್ನ ಮಗ ಹೇಳ್ತಾನೆ, ಇವಳಿಗೆ ಏನೋ ಕೆಟ್ಟ ಕಾಯಿಲೆ ಅಂತೆ, ಡಾಕ್ಟ್ರು ನನಗೂ ಮಾತ್ರೆ ತಗೋ ಅಂದ್ರು ಅಂತ. ಇವಳು ಎಲ್ಲಿಂದ ತಂದ್ಲು ಅದನ್ನ? ಹೇಳಿ."

"ಅಮ್ಮಾ, ಕೂತ್ಕೊಳ್ಳಿ. ಕಾಯಿಲೆ ಇವಳದ್ದು. ಇವಳು ಹೇಳಿ ಅಂದ್ರೆ ಮಾತ್ರ ನಾನು ಹೇಳೋದು."

"ಹೇಳಿ ಮೇಡಂ," ಅಂದಳು ಹುಡುಗಿ. ಸೂಟ್‌ಕೇಸ್ ಇನ್ನೂ ಕೈಯಲ್ಲೇ ಇತ್ತು. "ಎಲ್ಲಾ ಹೇಳಿ. ಏನೂ ಬಿಡಬೇಡಿ."

ಹೇಳಿದೆ. ಕಾಯಿಲೆಯ ಹೆಸರು, ಅದು ಹೇಗೆ ಹರಡುತ್ತದೆ, ಎಷ್ಟು ಕಾಲ ಗೊತ್ತಾಗದೆ ಇರಬಹುದು, ಗಂಡಸರಲ್ಲಿ ಹೇಗೆ ಏನೂ ತೋರದೆ ಇರುತ್ತದೆ. ಹೊಳೆ ನೀರಿನಿಂದ ಬಂದದ್ದಲ್ಲ ಎಂದೆ. ಯಾರು ಮೊದಲು ಎಂದು ಹೇಳುವ ಪರೀಕ್ಷೆ ಇಲ್ಲ ಎಂದೆ. ಸೊಸೆ ಗರ್ಭಿಣಿ ಎಂದು ಹೇಳಿದಾಗ ಅತ್ತೆ ಅವಳ ಕಡೆ ತಿರುಗಿದರು. ಆ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಅವರು ಕುರ್ಚಿಯಲ್ಲಿ ಕೂತದ್ದು ಆಗ.

"ಮಗುಗೆ?" ಎಂದರು.

"ಹೆರಿಗೆಗೆ ಮುಂಚೆ ಇಬ್ಬರಿಗೂ ವಾಸಿಯಾದ್ರೆ ಮಗುಗೆ ಏನೂ ಆಗಲ್ಲ. ಇವಳು ತಗೊಂಡಾಗಿದೆ."

"ಅವನು?"

"ಇಲ್ಲ."

ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಂಡರು. ಆಮೇಲೆ ನನ್ನನ್ನೇ ನೋಡುತ್ತಾ ಕೇಳಿದರು:

"ಅವನು ನಿಮ್ಮ ಹತ್ರ ಬಂದಾಗ ಏನಾದ್ರೂ ಹೇಳಿದ್ನಾ?"

ಇಲ್ಲ ಎನ್ನಬಹುದಿತ್ತು. ಅದು ಸುಳ್ಳು. ಹೌದು ಎನ್ನುವ ಹಾಗಿರಲಿಲ್ಲ. ಅವನು ಹೇಳಿದ್ದು ಅವನದು.

"ಅವರು ನನ್ನ ಹತ್ರ ಮಾತಾಡಿದ್ದನ್ನ ನಾನು ಯಾರಿಗೂ ಹೇಳಲ್ಲ," ಎಂದೆ.

ಆ ಮಾತು ಹೊರಗೆ ಬಂದ ಮೇಲೆ, ಅದು ಏನನ್ನು ಹೇಳಿಬಿಟ್ಟಿತು ಎಂಬುದು ಕೋಣೆಯಲ್ಲಿದ್ದ ಮೂವರಿಗೂ ತಿಳಿಯಿತು. ಬೇರೆ ರೀತಿಯಲ್ಲಿ ಹೇಳಬಹುದಿತ್ತೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಉತ್ತರ ಸಿಕ್ಕಿಲ್ಲ.

ಅತ್ತೆ ಬ್ಯಾಗಿನಿಂದ ಮೊಬೈಲ್ ತೆಗೆದು ಮಗನಿಗೆ ಫೋನ್ ಮಾಡಿದರು. "ಅಂಗಡಿ ಶಟರ್ ಎಳೆದು ಬಾ. ಕಣ್ಣಿನ ಡಾಕ್ಟ್ರ ಹತ್ರ. ಈಗ್ಲೇ." ಆ ಕಡೆಯಿಂದ ಏನೋ ಹೇಳಿರಬೇಕು. "ಗಿರಾಕಿ ಇದ್ರೆ ಇರ್ಲಿ, ಬಾ," ಎಂದು ಕಟ್ ಮಾಡಿದರು.

ಅವನು ಭದ್ರಾವತಿಯಿಂದ ಬೈಕಿನಲ್ಲಿ ಬರುವವರೆಗೆ ಅವರಿಬ್ಬರೂ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ನಾನು ಬೇರೆಯವರನ್ನು ನೋಡುತ್ತಿದ್ದೆ. ಬಾಗಿಲು ತೆರೆದಾಗಲೆಲ್ಲ ಅವರು ಕಾಣುತ್ತಿದ್ದರು. ಇಬ್ಬರ ನಡುವೆ ಸೂಟ್‌ಕೇಸ್. ಒಂದು ಸಲ ಅತ್ತೆ ಕೇಳಿದ್ದು ಕೇಳಿಸಿತು: "ಏನಾದ್ರೂ ತಿಂತೀಯಾ?" ಹುಡುಗಿ ಬೇಡ ಎಂದಳು.

ಮಗ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದ. ಮೂವರನ್ನೂ ಕರೆದು ಬಾಗಿಲು ಹಾಕಿದೆ. ಮಾತ್ರೆ ಮೇಜಿನ ಮೇಲಿಟ್ಟು, ನರ್ಸ್ ತಂದ ನೀರಿನ ಲೋಟವನ್ನು ಪಕ್ಕದಲ್ಲಿಟ್ಟೆ.

"ನುಂಗು," ಅಂದರು ಅತ್ತೆ.

ಅವನು ಹೆಂಡತಿಯ ಕಡೆ ನೋಡಿದ. ಅವಳು ಗೋಡೆಯ ಮೇಲಿನ ಅಕ್ಷರಗಳ ಬೋರ್ಡನ್ನು ನೋಡುತ್ತಿದ್ದಳು. ಅವನು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಬೇಕಾದ ರಕ್ತಪರೀಕ್ಷೆಗಳನ್ನು ಹೇಳಿದೆ. ತಲೆಯಾಡಿಸಿದ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅತ್ತೆ ಲೋಟವನ್ನು ಪಕ್ಕಕ್ಕೆ ಸರಿಸಿ, ಯಾರಿಗೆ ಎನ್ನದೆ ಮಾತಾಡಿದರು.

"ಆ ಊರಿನ ವಿಷಯ ನನ್ನ ಕಿವಿಗೂ ಬಿದ್ದಿತ್ತು. ಮದುವೆ ಆದ್ರೆ ಸರಿ ಹೋಗ್ತಾನೆ ಅಂದ್ಕೊಂಡೆ. ಇನ್ನೇನ್ಮಾಡ್ಲಿ." ಆಮೇಲೆ ಸೊಸೆಗೆ, "ನಡಿಯಮ್ಮ, ಮನೆಗೆ ಹೋಗೋಣ. ಈ ಸ್ಥಿತೀಲಿ ಬಸುರಿ ಹೆಂಗಸನ್ನ ತವರಿಗೆ ಬಿಡೋದು ಬೇಡ."

ಹುಡುಗಿ ಬೋರ್ಡಿನಿಂದ ಕಣ್ಣು ತೆಗೆದಳು.

"ನಿಮಗೆ ಗೊತ್ತಿತ್ತಾ ಅತ್ತೆ?"

ಅತ್ತೆ ಬ್ಯಾಗಿನ ಜಿಪ್ ಎಳೆದು ಮುಚ್ಚಿದರು.

"ಗೊತ್ತಿದ್ದೂ ಬೆಳಿಗ್ಗೆ ನನ್ನ ಸೂಟ್‌ಕೇಸ್ ತುಂಬಿಸಿದ್ರಿ." ಅವಳ ದನಿ ಆಗಲೂ ಏರಲಿಲ್ಲ. ಅದು ಏರಿದ್ದರೆ ನಮಗೆಲ್ಲ ಸ್ವಲ್ಪ ಹಗುರವಾಗುತ್ತಿತ್ತು. "ಹೇಗೂ ತುಂಬಿಸಿ ಆಗಿದೆ. ನಾನು ಅಮ್ಮನ ಮನೆಗೇ ಹೋಗ್ತೀನಿ."

"ಹಾಗಂದ್ರೆ ಹೇಗೆ?" ಎಂದು ಗಂಡ ಒಂದು ಹೆಜ್ಜೆ ಮುಂದೆ ಬಂದ. ಅವಳು ಸೂಟ್‌ಕೇಸ್ ಎತ್ತಿಕೊಂಡು ಹೊರಗೆ ಹೋದಳು. ಆಟೋ ಹಿಡಿಯಲಿಲ್ಲ. ಸರ್ಕಲ್ ಕಡೆಗೆ ನಡೆದು ಹೋಗುವುದು ಕಿಟಕಿಯಿಂದ ಕಾಣಿಸಿತು. ನನಗೆ ಅಯ್ಯೋ ಅನ್ನಿಸಲಿಲ್ಲ, ಸರಿ ಮಾಡಿದಳು ಎಂದೂ ಅನ್ನಿಸಲಿಲ್ಲ. ಕಿಟಕಿ ಹತ್ತಿರ ನಿಂತಿದ್ದೆ, ಅಷ್ಟೆ. ನರ್ಸ್ ಬಂದು, "ಮುಂದಿನವರನ್ನ ಕಳಿಸ್ಲಾ ಮೇಡಂ?" ಎಂದಾಗ ನಾನಿನ್ನೂ ಅಲ್ಲೇ ಇದ್ದೆ.

ಈ ಕಣ್ಣು ಮಾತ್ರೆ ನುಂಗಿದ ಮರುದಿನವೇ ಬೆಳ್ಳಗಾಗುವಂಥದ್ದಲ್ಲ. ಸೂಕ್ಷ್ಮಾಣು ಸತ್ತರೂ ಗುಳ್ಳೆಗಳು ಕರಗಲು ವಾರಗಳು ಬೇಕು. ಅವಳು ಎರಡು ಬೀದಿ ದಾಟಿ ನಡೆದುಕೊಂಡೇ ಬರುತ್ತಿದ್ದಳು, ಕೆಲವು ಸಲ ತಾಯಿಯ ಜೊತೆ. ತಾಯಿ ಒಳಗೆ ಬರುತ್ತಿರಲಿಲ್ಲ. ಮಗಳು ಅವರಿಗೆ ಎಷ್ಟು ಹೇಳಿದ್ದಳೋ ನಾನು ಕೇಳಲಿಲ್ಲ. ಪ್ರತಿ ಸಲವೂ ರೆಪ್ಪೆ ಎಳೆದು ನೋಡಿದಾಗ ಸಾಲು ಸ್ವಲ್ಪ ಸ್ವಲ್ಪವೇ ತಗ್ಗುತ್ತಿತ್ತು. ನನ್ನ ಗೆಳತಿ ಮತ್ತೆ ಮಾಡಿಸಿದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಬೇರೆ ಪರೀಕ್ಷೆಗಳೂ ಸರಿಯಿದ್ದವು, ಗಂಡನದ್ದೂ. ಅವಳು ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದಳು, ಹೊಟ್ಟೆ ದೊಡ್ಡದಾಗುವವರೆ‌ಗೆ.

ಗಂಡ ಭಾನುವಾರ ಬರುತ್ತಾನೆ ಎಂದು ಒಮ್ಮೆ ಅವಳೇ ಹೇಳಿದಳು. "ಹಣ್ಣು ತರ್ತಾರೆ. ಜಗಲಿಲಿ ಕೂತಿದ್ದು ಹೋಗ್ತಾರೆ. ಅಮ್ಮ ಕಾಫಿ ಕೊಡ್ತಾರೆ." ನಾನು ಹೂಂ ಎಂದೆ.

ಹೆರಿಗೆ ಶಿವಮೊಗ್ಗದಲ್ಲೇ ಆಯಿತು. ಹೆಣ್ಣು ಮಗು. ಇಂಥ ಮಗುವಿನ ಕಣ್ಣಿನಲ್ಲಿ ತೊಂದರೆ ಕಾಣಿಸುವುದಿದ್ದರೆ ಸಾಮಾನ್ಯವಾಗಿ ಮೊದಲ ಒಂದೆರಡು ವಾರದಲ್ಲಿ. ಅದಕ್ಕೇ ಆ ಹೊತ್ತಿಗೆ ಕರೆದುಕೊಂಡು ಬಾ ಎಂದಿದ್ದೆ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಮಗುವನ್ನು ಹಳೇ ಮೆತ್ತನೆ ಸೀರೆಯಲ್ಲಿ ಸುತ್ತಿಕೊಂಡು ಬಂದಳು. ಭುಜದಲ್ಲಿ ಮಗುವಿನ ಬಟ್ಟೆ, ಬಿಸಿನೀರಿನ ಫ್ಲಾಸ್ಕ್ ತುಂಬಿದ ಬುಟ್ಟಿ. ಗಂಡನೂ ಬಂದಿದ್ದ. ಅವನು ಹೊರಗೇ ಕೂತ.

ಮಗುವಿನ ತಲೆಯನ್ನು ನರ್ಸ್ ಹಿಡಿದುಕೊಂಡಳು. ರೆಪ್ಪೆ ಬಿಡಿಸಿ ನೋಡಿದೆ. ಊತವಿಲ್ಲ, ಕೀವಿಲ್ಲ. ಎರಡೂ ಕಣ್ಣು ಶುಭ್ರವಾಗಿದ್ದವು. ಮಗು ಮೈಯೆಲ್ಲ ಕೆಂಪಗೆ ಮಾಡಿಕೊಂಡು ಅತ್ತಿತು. ಉಸಿರಾಟ ಚೆನ್ನಾಗಿತ್ತು, ಕೆಮ್ಮಿರಲಿಲ್ಲ.

"ಏನೂ ಇಲ್ಲ," ಎಂದೆ. "ಚೆನ್ನಾಗಿದೆ."

ಅವಳು ಮಗುವನ್ನು ತೆಗೆದುಕೊಂಡು ಭುಜಕ್ಕೆ ಹಾಕಿಕೊಂಡಳು. ಅಳು ನಿಂತಿತು. ಅವಳು ಎದ್ದು ಹೋಗಲಿಲ್ಲ. ನಾನು ಸಾಮಾನ್ಯವಾಗಿ ಕೇಳದ ಪ್ರಶ್ನೆಯನ್ನು ಅವತ್ತು ಕೇಳಿದೆ.

"ಭದ್ರಾವತಿಗೆ ಯಾವಾಗ?"

"ಅತ್ತೆ ದಿನಾ ಫೋನ್ ಮಾಡ್ತಾರೆ. ತೊಟ್ಟಿಲು ರೆಡಿ ಇದೆಯಂತೆ." ಮಗುವಿನ ಬೆನ್ನು ತಟ್ಟುತ್ತಾ ಹೇಳಿದಳು. "ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ ಮೇಡಂ. ಇದರ ಕತ್ತು ನಿಲ್ಲಲಿ. ಆಮೇಲೆ ನೋಡ್ತೀನಿ."

ಬಾಗಿಲವರೆಗೆ ನಾನೂ ಹೋದೆ. ಗಂಡ ಬೆಂಚಿನಿಂದ ಎದ್ದು, ಮಗುವಿಗಾಗಿ ಎರಡೂ ಕೈ ಚಾಚಿದ. ಅವಳು ಒಂದು ಕ್ಷಣ ನಿಂತಳು. ಆಮೇಲೆ ಭುಜದಿಂದ ಬುಟ್ಟಿಯನ್ನು ಇಳಿಸಿ ಆ ಕೈಗಳಿಗೆ ಕೊಟ್ಟು, ಮಗುವನ್ನು ಎತ್ತಿಕೊಂಡು ಮುಂದೆ ನಡೆದಳು.